2100ರಲ್ಲಿ ನಗರ ಎಷ್ಟು ದೊಡ್ಡದು? ಪ್ರಶ್ನೆ ಒಂದು, ಉತ್ತರ ಐದು

ಹಾಸ್ಟೆಲ್ ಟೆರೇಸ್ ಮೇಲೆ ಬಟ್ಟೆ ಒಣಗಿಸೋಕೆ ಹೋದಾಗ ನೀವೂ ನೋಡಿರ್ತೀರ. ನಾವು ಫಸ್ಟ್ ಸೆಮ್‌ಗೆ ಬಂದಾಗ ಕಾಂಪೌಂಡ್ ಆಚೆ ರಾಗಿ ಹೊಲ ಇತ್ತು. ಥರ್ಡ್ ಸೆಮ್ ಶುರುವಾಗೋ ಹೊತ್ತಿಗೆ ಹೊಲದಲ್ಲಿ ಸಾಲಾಗಿ ಕಲ್ಲು ನೆಟ್ಟು, ಬಿಳಿ ಬಣ್ಣ ಬಳಿದು, ಸೈಟುಗಳು ಮಾರಾಟಕ್ಕಿವೆ ಅಂತ ಬೋರ್ಡ್ ಹಾಕಿದ್ರು. ಈಗ ಅಲ್ಲಿ ಎರಡು ಪಿ.ಜಿ., ಒಂದು ಜೆರಾಕ್ಸ್ ಅಂಗಡಿ, ಒಂದು ಬೇಕರಿ ಇದೆ. ಎರಡು ವರ್ಷ ಕೂಡ ಆಗಿಲ್ಲ.

ಹೀಗೇ ಹೋದ್ರೆ ಇನ್ನು ಮೂವತ್ತು ವರ್ಷಕ್ಕೆ ಇಲ್ಲಿ ಏನಿರುತ್ತೆ? ಎಂಬತ್ತು ವರ್ಷಕ್ಕೆ? ಇಡೀ ಪ್ರಪಂಚದಲ್ಲಿ? ಈ ಪ್ರಶ್ನೆಗೆ ಕಂಪ್ಯೂಟರ್ ಮಾಡೆಲ್ ಇಟ್ಟುಕೊಂಡು ಉತ್ತರ ಹುಡುಕೋ ಜನ ಇದ್ದಾರೆ ಅಂತ ಗೊತ್ತಾಗಿದ್ದು ಈ ಸೆಮ್‌ನ ಮಿನಿ ಪ್ರಾಜೆಕ್ಟ್‌ನಿಂದ. ನಾವು ನಾಲ್ಕು ಜನ ಸೇರಿ ಪೈಥಾನ್‌ನಲ್ಲಿ ನಮ್ಮ ತಾಲ್ಲೂಕಿನ ಬೆಳವಣಿಗೆಯ ಒಂದು ಚಿಕ್ಕ ಮಾಡೆಲ್ ಬರೆದ್ವಿ. ಬರೆಯೋಕೆ ಮುಂಚೆ ಜಗತ್ತಿನ ಮಟ್ಟದಲ್ಲಿ ಇದನ್ನು ಹೇಗೆ ಮಾಡ್ತಾರೆ ಅಂತ ಓದಿದ್ವಿ. ಓದಿದ್ದು, ಮಾಡಿದ್ದು, ಕೊನೆಗೆ ಎಡವಿದ್ದು, ಮೂರನ್ನೂ ಇಲ್ಲಿ ಹೇಳ್ತೀವಿ. ಸಿವಿಲ್ ಬ್ರಾಂಚ್‌ನವರಿಗೆ ಮಾತ್ರ ಅಂದುಕೊಳ್ಳಬೇಡಿ. ಕೋಡ್ ಬರೆಯೋರಿಗೂ ಇದರಲ್ಲಿ ಕೆಲಸ ಇದೆ.

ಇದು ಜ್ಯೋತಿಷ್ಯ ಅಲ್ಲ, ಅಟೆಂಡೆನ್ಸ್ ಲೆಕ್ಕ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಈ ಮಾಡೆಲ್‌ಗಳು “2100ರಲ್ಲಿ ಹೀಗೇ ಆಗುತ್ತೆ” ಅಂತ ಹೇಳೋದಿಲ್ಲ.

ಸೆಮ್ ಮಧ್ಯದಲ್ಲಿ ನಾವೆಲ್ಲ ಒಂದು ಲೆಕ್ಕ ಹಾಕ್ತೀವಿ. ಇನ್ನು ಎಲ್ಲ ಕ್ಲಾಸಿಗೂ ಹೋದ್ರೆ ಅಟೆಂಡೆನ್ಸ್ ಎಷ್ಟಾಗುತ್ತೆ? ವಾರಕ್ಕೆ ಎರಡು ಬಂಕ್ ಹೊಡೆದ್ರೆ ಎಷ್ಟು? ಫೆಸ್ಟ್ ವಾರ ಪೂರ್ತಿ ಹೋಗದಿದ್ರೆ ಶಾರ್ಟೇಜ್ ಬರುತ್ತಾ? ಆ ಲೆಕ್ಕ ನಾವು ಬಂಕ್ ಹೊಡೀತೀವೋ ಇಲ್ವೋ ಅಂತ ಹೇಳಲ್ಲ. ಹೀಗೆ ಮಾಡಿದ್ರೆ ಹೀಗಾಗುತ್ತೆ ಅಂತ ಮಾತ್ರ ಹೇಳುತ್ತೆ. ಹಾಗಿದ್ರೂ ಅದನ್ನು ಹಾಕ್ತೀವಿ, ಯಾಕಂದ್ರೆ ನಾಳೆ ಬೆಳಗ್ಗೆ ಎಂಟು ಗಂಟೆ ಕ್ಲಾಸಿಗೆ ಏಳಬೇಕಾ ಬೇಡ್ವಾ ಅಂತ ನಿರ್ಧಾರ ಮಾಡೋಕೆ ಅದು ಬೇಕು.

ಈ ಥರದ ಒಂದೊಂದು ‘ಹೀಗೆ ಮಾಡಿದ್ರೆ’ಗೂ ಸನ್ನಿವೇಶ ಅಂತ ಹೆಸರು. ಇಂಗ್ಲಿಷ್‌ನ ಸಿನಾರಿಯೋ. ನಗರ ಬೆಳವಣಿಗೆಯ ಜಾಗತಿಕ ಮಾಡೆಲ್‌ಗಳೆಲ್ಲ ನಿಂತಿರೋದು ಇಂಥ ಸನ್ನಿವೇಶಗಳ ಮೇಲೆ.

ನಗರ ಅಂದ್ರೆ ಏನು ಅನ್ನೋದೇ ಮೊದಲ ತಲೆನೋವು

ಸುಲಭದ ಪ್ರಶ್ನೆ ಅನಿಸುತ್ತೆ. ನಮಗೂ ಹಾಗೇ ಅನಿಸಿತ್ತು. ಆದರೆ ಡೆನ್ಮಾರ್ಕ್‌ನಲ್ಲಿ 200 ಜನ ಒಂದು ಕಡೆ ಗುಂಪಾಗಿದ್ರೆ ಅದು ಪಟ್ಟಣದ ಲೆಕ್ಕಕ್ಕೆ ಬರುತ್ತೆ. ಜಪಾನ್‌ನಲ್ಲಿ ನಗರ ಅನಿಸಿಕೊಳ್ಳೋಕೆ 50,000 ಜನ ಇರಬೇಕು. ನಮ್ಮ ದೇಶದ ಜನಗಣತಿಗೆ ಮೂರು ಷರತ್ತು: ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ಮತ್ತು ದುಡಿಯೋ ಗಂಡಸರಲ್ಲಿ ಶೇಕಡಾ 75 ಮಂದಿಯಾದ್ರೂ ವ್ಯವಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಈ ಮೂರೂ ಇದ್ದು, ಪುರಸಭೆ ಇಲ್ಲದೆ ಇನ್ನೂ ಗ್ರಾಮ ಪಂಚಾಯ್ತಿಯಲ್ಲೇ ಇರೋ ಊರುಗಳನ್ನು ‘ಸೆನ್ಸಸ್ ಟೌನ್’ ಅಂತಾರೆ. 2001ರಲ್ಲಿ ಭಾರತದಲ್ಲಿ ಇಂಥವು 1,362 ಇದ್ದವು. 2011ಕ್ಕೆ 3,894 ಆದವು. ಕಾಗದದ ಮೇಲೆ ಹಳ್ಳಿ, ಕಣ್ಣಿಗೆ ಪಟ್ಟಣ. ನಮ್ಮ ಕಾಲೇಜಿನ ಬಸ್ ಸ್ಟಾಪ್ ಇರೋ ಊರೂ ಇದೇ ಜಾತಿ.

ಪ್ರತಿ ದೇಶಕ್ಕೂ ಒಂದೊಂದು ಅಳತೆಕೋಲು ಇದ್ರೆ ಜಗತ್ತನ್ನೆಲ್ಲ ಒಂದೇ ಮಾಡೆಲ್‌ಗೆ ಹಾಕೋಕಾಗಲ್ಲ. ಅದಕ್ಕೆ ಸಂಶೋಧಕರು ಜನಗಣತಿಯ ಜೊತೆಗೆ ಆಕಾಶದಿಂದಲೂ ನೋಡ್ತಾರೆ. ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿದ್ದು 1972ರಲ್ಲಿ. 1982ರ ಲ್ಯಾಂಡ್‌ಸ್ಯಾಟ್-4ರಿಂದ ಈಚೆಗೆ ಅದರ ಚಿತ್ರದ ಒಂದು ಚುಕ್ಕೆ, ಅಂದ್ರೆ ಪಿಕ್ಸೆಲ್, ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದು ಪಿಕ್ಸೆಲ್ ಸುಮಾರು 9 ಗುಂಟೆ. ಮೂವತ್ತು ನಲವತ್ತರ ಎಂಟು ಸೈಟು ಹಿಡಿಯೋ ಜಾಗ. ಆ ಚುಕ್ಕೆಯಲ್ಲಿ ಕಾಂಕ್ರೀಟು, ಡಾಂಬರು, ಸೂರು ಜಾಸ್ತಿ ಇದ್ಯಾ, ಹಸಿರು ಜಾಸ್ತಿ ಇದ್ಯಾ ಅಂತ ಕಂಪ್ಯೂಟರ್ ಗುರುತಿಸುತ್ತೆ. 2008ರಿಂದ ಈ ಚಿತ್ರಗಳು ಎಲ್ಲರಿಗೂ ಉಚಿತ. ನಾವೂ ಹಾಸ್ಟೆಲ್ ವೈಫೈನಲ್ಲೇ ಇಳಿಸಿಕೊಂಡ್ವಿ, ರಾತ್ರಿ ಎರಡು ಗಂಟೆ ತನಕ ಕಾದು.

ಐಐಎಸ್‌ಸಿಯಲ್ಲಿ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ 1973ರಿಂದ ಈಚಿನ ಇಂಥ ಚಿತ್ರಗಳನ್ನು ಜೋಡಿಸಿ, ಬೆಂಗಳೂರು ಹೇಗೆ ಹಬ್ಬಿದೆ, ಕೆರೆ ಮತ್ತು ಮರಗಳು ಹೇಗೆ ಕಡಿಮೆಯಾಗಿವೆ ಅಂತ ವರ್ಷಗಳಿಂದ ಲೆಕ್ಕ ಇಡುತ್ತಾ ಬಂದಿದೆ. ಬೆಂಗಳೂರು ಮತ್ತು ಸುತ್ತಲಿನ ನಗರ ಪ್ರದೇಶದ ಜನಸಂಖ್ಯೆ 2001ರಲ್ಲಿ ಸುಮಾರು 57 ಲಕ್ಷ, 2011ರಲ್ಲಿ ಸುಮಾರು 85 ಲಕ್ಷ. ಹತ್ತೇ ವರ್ಷದಲ್ಲಿ ಅರ್ಧದಷ್ಟು ಜಾಸ್ತಿ. ಜಗತ್ತಿನಲ್ಲಿ ಹೀಗೆ ಬೆಳೆಯೋ ಊರು ಇದೊಂದೇ ಅಲ್ಲ. ವಿಶ್ವಸಂಸ್ಥೆ 2018ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಆಗ ಜಗತ್ತಿನ ಶೇಕಡಾ 55 ಜನ ನಗರಗಳಲ್ಲಿದ್ದರು, 2050ಕ್ಕೆ ಅದು ಶೇಕಡಾ 68 ಆಗುತ್ತೆ. ಅಷ್ಟರಲ್ಲಿ ಭಾರತದ ನಗರಗಳಿಗೆ ಹೊಸದಾಗಿ ಸೇರೋರು 41.6 ಕೋಟಿ, ಚೀನಾದಲ್ಲಿ 25.5 ಕೋಟಿ, ನೈಜೀರಿಯಾದಲ್ಲಿ 18.9 ಕೋಟಿ. ಈ ಮೂರು ದೇಶಗಳ ಪಟ್ಟಿಯಲ್ಲಿ ನಾವೇ ಮೊದಲು.

ಐದು ದಾರಿಗಳು

2050ರ ಆಚೆಗೆ ಹೋಗಬೇಕಾದ್ರೆ ಒಂದೇ ಅಂದಾಜು ಸಾಲದು. ಜಗತ್ತು ಯಾವ ಕಡೆ ತಿರುಗುತ್ತೆ ಅನ್ನೋದೇ ಗೊತ್ತಿಲ್ವಲ್ಲ! ಅದಕ್ಕೆ ಹವಾಮಾನ ಸಂಶೋಧಕರು ಐದು ಕಥೆ ಕಟ್ಟಿದ್ದಾರೆ. ಅವನ್ನು ‘ಶೇರ್ಡ್ ಸೋಶಿಯೋಇಕನಾಮಿಕ್ ಪಾಥ್‌ವೇಸ್’ ಅಂತಾರೆ, ಚಿಕ್ಕದಾಗಿ ಎಸ್‌ಎಸ್‌ಪಿ. ಎಲ್ಲಕ್ಕೂ ದಾರಿಯ ಹೆಸರೇ ಇದೆ.

ಎಸ್‌ಎಸ್‌ಪಿ-1 ಹಸಿರು ದಾರಿ. ಓದು, ಆರೋಗ್ಯಕ್ಕೆ ಒತ್ತು, ಮಿತವಾದ ಬಳಕೆ, ಒತ್ತೊತ್ತಾಗಿ ಚೆನ್ನಾಗಿ ಯೋಜಿಸಿದ ನಗರಗಳು.

ಎಸ್‌ಎಸ್‌ಪಿ-2 ನಡು ದಾರಿ. ಇಲ್ಲಿ ತನಕ ಹೇಗೆ ಬಂದ್ವೋ ಹಾಗೇ ಹೋಗೋದು.

ಎಸ್‌ಎಸ್‌ಪಿ-3 ಕಲ್ಲುಮುಳ್ಳಿನ ದಾರಿ. ದೇಶ ದೇಶಗಳ ನಡುವೆ ಪೈಪೋಟಿ, ಜಗಳ. ಓದಿಗೆ ದುಡ್ಡಿಲ್ಲ, ಬಡತನ ಇಳಿಯಲ್ಲ, ಬಡ ದೇಶಗಳಲ್ಲಿ ಜನಸಂಖ್ಯೆ ಏರುತ್ತಲೇ ಇರುತ್ತೆ.

ಎಸ್‌ಎಸ್‌ಪಿ-4 ಎರಡಾಗಿ ಒಡೆದ ದಾರಿ. ದೇಶಗಳ ನಡುವೆಯೂ, ಒಂದೇ ಊರಿನ ಒಳಗೂ ಇರೋರು ಮತ್ತು ಇಲ್ಲದೋರ ಅಂತರ ದೊಡ್ಡದಾಗುತ್ತೆ.

ಎಸ್‌ಎಸ್‌ಪಿ-5 ಹೈವೇ. ಕಲ್ಲಿದ್ದಲು, ಪೆಟ್ರೋಲು ಧಾರಾಳವಾಗಿ ಸುಟ್ಟು ಎಲ್ಲರೂ ಶ್ರೀಮಂತರಾಗೋದು. ದೊಡ್ಡ ಮನೆ, ಮನೆಗೆರಡು ಕಾರು, ದೂರ ದೂರಕ್ಕೆ ಹರಡಿದ ಬಡಾವಣೆಗಳು.

ಕಥೆ ಆದಮೇಲೆ ಅದಕ್ಕೆ ಅಂಕಿ ಕೂರಿಸ್ತಾರೆ. ಮೊದಲ ಆವೃತ್ತಿಯ ಲೆಕ್ಕದಲ್ಲಿ 2100ಕ್ಕೆ ಜಗತ್ತಿನ ಜನಸಂಖ್ಯೆ ಎಸ್‌ಎಸ್‌ಪಿ-1ರಲ್ಲಿ ಸುಮಾರು 700 ಕೋಟಿ, ಅಂದ್ರೆ ಈಗಿನದಕ್ಕಿಂತ ಕಡಿಮೆ. ಎಸ್‌ಎಸ್‌ಪಿ-2ರಲ್ಲಿ 900 ಕೋಟಿ ಹತ್ತಿರ. ಎಸ್‌ಎಸ್‌ಪಿ-3ರಲ್ಲಿ ಸುಮಾರು 1,260 ಕೋಟಿ. ಎಸ್‌ಎಸ್‌ಪಿ-5ರಲ್ಲಿ ಸುಮಾರು 740 ಕೋಟಿ. ಇದರಲ್ಲಿ ನಗರವಾಸಿಗಳ ಪಾಲು ಎಸ್‌ಎಸ್‌ಪಿ 1, 4, 5ರಲ್ಲಿ ಶೇಕಡಾ 92ರ ಸುಮಾರು, ಎಸ್‌ಎಸ್‌ಪಿ-2ರಲ್ಲಿ 79, ಎಸ್‌ಎಸ್‌ಪಿ-3ರಲ್ಲಿ 60ರ ಆಸುಪಾಸು.

ಎಷ್ಟು ಜಾಗ ಬೇಕು?

ಇಲ್ಲಿಂದ ಮಾಡೆಲ್‌ಗೆ ಎರಡು ಕೆಲಸ. ಒಟ್ಟು ಎಷ್ಟು ಜಾಗ ನಗರ ಆಗುತ್ತೆ ಅನ್ನೋದು ಮೊದಲನೆಯದು. ಆ ಜಾಗ ಎಲ್ಲಿ ಅನ್ನೋದು ಎರಡನೆಯದು.

ಮೊದಲನೆಯದರ ತಿರುಳು ಒಂದು ಗುಣಾಕಾರ. ನಗರದ ಜನ ಎಷ್ಟು, ತಲೆಗೆ ಎಷ್ಟು ಜಾಗ. ಒಂದು ಕಾಲ್ಪನಿಕ ಪಟ್ಟಣ ತಗೊಳ್ಳೋಣ. ಒಂದು ಲಕ್ಷ ಜನ, ಮನೆ, ರಸ್ತೆ, ಅಂಗಡಿ, ಶಾಲೆ ಎಲ್ಲ ಸೇರಿ ತಲೆಗೆ 100 ಚದರ ಮೀಟರ್. ಪಟ್ಟಣದ ವಿಸ್ತೀರ್ಣ 10 ಚದರ ಕಿಲೋಮೀಟರ್. ಜನ ಎರಡರಷ್ಟಾಗಿ ತಲೆಗೆ ಅಷ್ಟೇ ಜಾಗ ಉಳಿದ್ರೆ 20 ಚದರ ಕಿಲೋಮೀಟರ್. ಅದೇ ಊರಲ್ಲಿ ಜನ ಬರೀ 1.2 ಲಕ್ಷ ಆಗಿ, ತಲೆಗೆ 300 ಚದರ ಮೀಟರ್ ಬೇಕು ಅಂದ್ರೆ? 36 ಚದರ ಕಿಲೋಮೀಟರ್. ಜನ ಎರಡರಷ್ಟಾದ ಊರಿಗಿಂತ, ಜನ ಸ್ವಲ್ಪವೇ ಜಾಸ್ತಿಯಾದ ಊರು ಹೆಚ್ಚು ಹೊಲ ನುಂಗಿತು.

ಇದು ಬರೀ ಉದಾಹರಣೆಗೆ ಕಟ್ಟಿದ ಲೆಕ್ಕ ಅಲ್ಲ. ಜಿಂಗ್ ಗಾವ್ ಮತ್ತು ಬ್ರಯಾನ್ ಒನೀಲ್ ಅನ್ನೋ ಸಂಶೋಧಕರು 2020ರಲ್ಲಿ ಐದೂ ಎಸ್‌ಎಸ್‌ಪಿಗಳಿಗೆ ಇಡೀ ಜಗತ್ತಿನ ನಗರ ಭೂಮಿಯ ನಕ್ಷೆ ಪ್ರಕಟಿಸಿದರು. ಈ ಶತಮಾನದಲ್ಲಿ ನಗರ ಭೂಮಿ ಒಟ್ಟು 1.8 ಪಟ್ಟಿನಿಂದ 5.9 ಪಟ್ಟು ತನಕ ಬೆಳೆಯಬಹುದು ಅಂತ ಅವರ ಫಲಿತಾಂಶ. ತಲೆಗೆ ಬೇಕಾಗೋ ಜಾಗವೇ 1.1 ಪಟ್ಟಿನಿಂದ 4.9 ಪಟ್ಟು ತನಕ. ಅತಿ ಹೆಚ್ಚು ಹಬ್ಬೋದು ಎಸ್‌ಎಸ್‌ಪಿ-5ರ ಹೈವೇ ದಾರಿಯಲ್ಲಿ.

ಈಗ ಮೇಲಿನ ಅಂಕಿಗಳಿಗೆ ವಾಪಸ್ ಹೋಗಿ. ಎಸ್‌ಎಸ್‌ಪಿ-3ರಲ್ಲಿ ನಗರವಾಸಿಗಳು 1,260 ಕೋಟಿಯ ಶೇಕಡಾ 60, ಅಂದ್ರೆ ಸುಮಾರು 756 ಕೋಟಿ. ಎಸ್‌ಎಸ್‌ಪಿ-5ರಲ್ಲಿ 740 ಕೋಟಿಯ ಶೇಕಡಾ 92, ಅಂದ್ರೆ ಸುಮಾರು 680 ಕೋಟಿ. ನಗರದ ಜನ ಕಡಿಮೆ ಇರೋ ದಾರಿಯಲ್ಲೇ ನಗರದ ಜಾಗ ಜಾಸ್ತಿ! ನಗರ ಬೆಳೆಯೋಕೆ ಜನ ಜಾಸ್ತಿಯಾಗಿದ್ದೇ ಕಾರಣ ಅಂತ ಡಿಬೇಟ್‌ಗಳಲ್ಲಿ ನಾವೇ ಎಷ್ಟು ಸಲ ಹೇಳಿದ್ದೀವಿ. ಈ ಲೆಕ್ಕ ನೋಡಿದ ಮೇಲೆ ಆ ಮಾತು ಅರ್ಧ ಮಾತ್ರ ನಿಜ ಅಂತ ಗೊತ್ತಾಯ್ತು. ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇದೆ. ಅತಿ ವೇಗವಾಗಿ ಹಬ್ಬೋದು ಏಷ್ಯಾ ಮತ್ತು ಆಫ್ರಿಕಾದ ನಗರಗಳೇ ಆದ್ರೂ, ಈಗಾಗಲೇ ಮುಂದುವರಿದ ದೇಶಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಪ್ರಮಾಣದ ಹೊಸ ಜಾಗ ನಗರವಾಗುತ್ತೆ.

ಎಲ್ಲಿ? ಚೌಕಗಳ ಆಟ

ಎರಡನೇ ಕೆಲಸಕ್ಕೆ ತುಂಬ ಕಡೆ ಬಳಸೋದು ಸೆಲ್ಯುಲಾರ್ ಆಟೊಮೇಟಾ ಅನ್ನೋ ವಿಧಾನ. ಜಾನ್ ಕಾನ್ವೇ ಅವರ ‘ಗೇಮ್ ಆಫ್ ಲೈಫ್’ ಕೋಡ್ ಮಾಡಿದವರಿಗೆ ಗೊತ್ತಿರುತ್ತೆ. 1970ರ ಆ ಆಟದಲ್ಲಿ ಒಂದು ಚೌಕ ಬದುಕುತ್ತಾ ಸಾಯುತ್ತಾ ಅನ್ನೋದು ಅಕ್ಕಪಕ್ಕದ ಎಂಟು ಚೌಕಗಳ ಮೇಲೆ ನಿಂತಿರುತ್ತೆ. ನಗರದ ಮಾಡೆಲ್‌ನಲ್ಲೂ ಅದೇ ಯೋಚನೆ. ನೆಲವನ್ನು ಗ್ರಾಫ್ ಹಾಳೆ ಥರ ಚೌಕ ಮಾಡಿ. ಪ್ರತಿ ಚೌಕ ನಗರ ಅಥವಾ ನಗರ ಅಲ್ಲ. ಸುತ್ತಲಿನ ಎಂಟರಲ್ಲಿ ಐದು ಆಗಲೇ ನಗರ ಆಗಿದ್ರೆ ಮಧ್ಯದ್ದು ಮುಂದಿನ ವರ್ಷ ನಗರ ಆಗೋ ಸಾಧ್ಯತೆ ಹೆಚ್ಚು. ಪಕ್ಕದಲ್ಲಿ ಡಾಂಬರು ರಸ್ತೆ ಬಂದ್ರೆ ಇನ್ನೂ ಹೆಚ್ಚು. ಕಡಿದಾದ ಇಳಿಜಾರಾದ್ರೆ ಕಡಿಮೆ.

ಈ ಜಾತಿಯ ಹೆಸರುವಾಸಿ ಮಾಡೆಲ್ ಸ್ಲೂತ್. ಕೀತ್ ಕ್ಲಾರ್ಕ್ ಮತ್ತು ಜೊತೆಗಾರರು ಇದನ್ನು 1990ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶಕ್ಕೆ ಮೊದಲು ಹಚ್ಚಿ ನೋಡಿದರು. ಸ್ಲೂತ್ ಅಂದ್ರೆ ಇಂಗ್ಲಿಷ್‌ನಲ್ಲಿ ಪತ್ತೇದಾರ. ಆದರೆ ಇಲ್ಲಿ ಅದು ಆರು ನಕ್ಷೆಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಸೇರಿಸಿ ಮಾಡಿದ ಪದ: ಇಳಿಜಾರು, ಭೂಬಳಕೆ, ಕಟ್ಟಬಾರದ ಜಾಗ, ಈಗಿನ ನಗರ, ರಸ್ತೆ, ಬೆಟ್ಟದ ನೆರಳು.

ಇದರಲ್ಲಿ ಊರು ನಾಲ್ಕು ರೀತಿ ಬೆಳೆಯುತ್ತೆ. ಯಾವುದೋ ಹೊಲದ ಮಧ್ಯೆ ಇದ್ದಕ್ಕಿದ್ದಂತೆ ಒಂದು ಕಟ್ಟಡ ಏಳೋದು ಒಂದು. ಅದರ ಸುತ್ತ ಇನ್ನಷ್ಟು ಕಟ್ಟಡ ಸೇರಿ ಹೊಸ ಬಡಾವಣೆ ಆಗೋದು ಎರಡು. ಇರೋ ಊರು ಅಂಚಿನಲ್ಲಿ ಹಬ್ಬೋದು ಮೂರು. ರಸ್ತೆ ಹಿಡಿದು ಬೆಳೆಯೋದು ನಾಲ್ಕು. ನಮ್ಮ ಕಾಲೇಜನ್ನೇ ನೋಡಿ. ಹೊಲದ ಮಧ್ಯೆ ಕಾಲೇಜು ಬಂತು, ಕಾಲೇಜಿನ ಸುತ್ತ ಪಿ.ಜಿ. ಬಂದವು, ಊರು ಈ ಕಡೆ ಹಬ್ಬಿತು, ರಸ್ತೆ ನಾಲ್ಕು ಪಥ ಆದಮೇಲೆ ಎರಡೂ ಬದಿ ಅಂಗಡಿ ಎದ್ದವು. ನಾಲ್ಕೂ ಒಂದೇ ಕಡೆ.

ಯಾವ ರೀತಿ ಎಷ್ಟು ಜೋರು ಅನ್ನೋದನ್ನು 0ಯಿಂದ 100ರ ಒಳಗಿನ ಐದು ಅಂಕಿಗಳು ನಿರ್ಧರಿಸುತ್ತವೆ. ಹಳೆಯ ನಕ್ಷೆಯಿಂದ ಮಾಡೆಲ್ ಓಡಿಸಿ, ಇವತ್ತಿನ ನಕ್ಷೆಗೆ ಹತ್ತಿರ ಬರೋ ತನಕ ಆ ಅಂಕಿಗಳನ್ನು ತಿರುಗಿಸ್ತಾ ಹೋಗಬೇಕು, ರೇಡಿಯೊ ಟ್ಯೂನ್ ಮಾಡಿದ ಹಾಗೆ. ಆಮೇಲೆ ಅದೇ ಅಂಕಿಗಳಿಂದ ಮುಂದಕ್ಕೆ ಓಡಿಸೋದು. ಇದರಲ್ಲಿ ದಾಳ ಎಸೆಯೋ ಭಾಗ ಇರೋದ್ರಿಂದ ಒಂದೇ ಸಲ ಓಡಿಸಿ ಸುಮ್ಮನಾಗಲ್ಲ. ನೂರು ಸಲ ಓಡಿಸಿ, ಒಂದು ಚೌಕ ಅದರಲ್ಲಿ ಎಂಬತ್ತು ಸಲ ನಗರ ಆಗಿದ್ರೆ ಅದರ ಸಾಧ್ಯತೆ ಶೇಕಡಾ 80 ಅಂತಾರೆ.

ಎಲ್ಲ ಮಾಡೆಲ್‌ಗಳೂ ಇಷ್ಟು ಹತ್ತಿರದಿಂದ ನೋಡಲ್ಲ. ಗಾವ್ ಮತ್ತು ಒನೀಲ್ ಅವರ ಜಾಗತಿಕ ಮಾಡೆಲ್ ಸೆಲ್ಯುಲಾರ್ ಆಟೊಮೇಟಾ ಅಲ್ಲ. ಹಿಂದಿನ ದಶಕಗಳ ದತ್ತಾಂಶದಿಂದ ಪ್ರತಿ ಪ್ರದೇಶದ ಬೆಳವಣಿಗೆಯ ಜಾಡು ಕಲಿತು ಮುಂದೆ ಸಾಗುತ್ತೆ. ಅದರ ಒಂದು ಚೌಕದ ಬದಿ ಸಮಭಾಜಕದ ಹತ್ತಿರ 14 ಕಿಲೋಮೀಟರ್ ಸುಮಾರು. ಹಳೆಯ ಬಿಬಿಎಂಪಿ ವ್ಯಾಪ್ತಿ ಪೂರ್ತಿ ನಾಲ್ಕು ಚೌಕದಲ್ಲಿ ಮುಗಿದುಹೋಗುತ್ತೆ. ಹಾಗಾಗಿ ನಿಮ್ಮ ಬೀದಿ 2080ಕ್ಕೆ ಏನಾಗುತ್ತೆ ಅಂತ ಅದನ್ನು ಕೇಳಬಾರದು. ಕರ್ನಾಟಕದ ದಕ್ಷಿಣ ಭಾಗ ಏನಾಗುತ್ತೆ ಅಂತ ಕೇಳಬಹುದು.

94% ಬಂತು ಅಂತ ಪಾರ್ಟಿ ಕೊಡಿಸಬೇಡಿ

ನಾವು ಎಡವಿದ ಮೊದಲ ಜಾಗ ಇದು. ನಮ್ಮ ಮಾಡೆಲ್ ಓಡಿತು, ನಿಜವಾದ ನಕ್ಷೆ ಜೊತೆ ಹೋಲಿಸಿದ್ವಿ, ನಿಖರತೆ ತೊಂಬತ್ತರ ಮೇಲೆ ಬಂತು. ಕುಣಿದಾಡಿ ಗೈಡ್ ಹತ್ತಿರ ಹೋದ್ವಿ. ಮೇಡಂ ಒಂದೇ ಪ್ರಶ್ನೆ ಕೇಳಿದರು: “ಏನೂ ಬದಲಾಗಲ್ಲ ಅಂತ ಹೇಳೋ ಮಾಡೆಲ್ ಇದ್ರೆ ಅದಕ್ಕೆ ಎಷ್ಟು ಬರ್ತಿತ್ತು?” ನಮಗೆ ಉತ್ತರ ಗೊತ್ತಿರಲಿಲ್ಲ.

ಲೆಕ್ಕ ಮಾಡಿ ನೋಡೋಣ. 100 ಸಾಲು, ಸಾಲಿಗೆ 100 ಚೌಕ, ಒಟ್ಟು 10,000. ಹತ್ತು ವರ್ಷದಲ್ಲಿ ನಿಜವಾಗಿ ನಗರ ಆಗಿದ್ದು 500 ಚೌಕ ಅಂತ ಇಟ್ಟುಕೊಳ್ಳಿ. ನಮ್ಮ ಮಾಡೆಲ್ ಕೂಡ 500 ಚೌಕ ನಗರ ಆಗುತ್ತೆ ಅಂದಿತು, ಆದರೆ ಸರಿಯಾಗಿ ಹೇಳಿದ್ದು 200. ಆಗಿದ್ದನ್ನು ಹೇಳದೆ ಬಿಟ್ಟದ್ದು 300, ಆಗದೇ ಇದ್ದದ್ದನ್ನು ಆಗುತ್ತೆ ಅಂದದ್ದು 300. ಒಟ್ಟು ತಪ್ಪು 600. ಉಳಿದ 9,400 ಸರಿ. ನಿಖರತೆ ಶೇಕಡಾ 94! ಈಗ ಏನೂ ಬದಲಾಗಲ್ಲ ಅಂತ ಕೈಕಟ್ಟಿ ಕೂತ ಮಾಡೆಲ್ ತಗೊಳ್ಳಿ. ಅದು ತಪ್ಪಿದ್ದು 500 ಚೌಕ ಮಾತ್ರ. ನಿಖರತೆ ಶೇಕಡಾ 95. ಸುಮ್ಮನೆ ಕೂತವನು ನಮ್ಮನ್ನು ಸೋಲಿಸಿದ.

ಮೋಸ ಎಲ್ಲಿದೆ ಅಂದ್ರೆ, ಬದಲಾಗದೇ ಉಳಿದ ಸಾವಿರಾರು ಚೌಕಗಳು ಎಲ್ಲರಿಗೂ ಫ್ರೀ ಮಾರ್ಕ್ಸ್ ಕೊಡುತ್ತವೆ. ಅದಕ್ಕೆ ಬದಲಾವಣೆಯನ್ನು ಮಾತ್ರ ಅಳೆಯಬೇಕು. ಸರಿ ಹೇಳಿದ್ದು 200, ಅದನ್ನು ಸರಿ ಹೇಳಿದ್ದು, ಬಿಟ್ಟದ್ದು, ಸುಳ್ಳು ಹೇಳಿದ್ದು ಮೂರರ ಮೊತ್ತ 800ರಿಂದ ಭಾಗಿಸಿ. ಶೇಕಡಾ 25. ಈ ಅಳತೆಗೆ ಫಿಗರ್ ಆಫ್ ಮೆರಿಟ್ ಅಂತ ಹೆಸರು. ಗಿಲ್ ಪಾಂಟಿಯಸ್ ಮತ್ತು ಸಂಗಡಿಗರು 2008ರಲ್ಲಿ ಬೇರೆ ಬೇರೆ ಕಡೆಯ 13 ಭೂಬಳಕೆ ಮಾಡೆಲ್ ಪ್ರಯೋಗಗಳನ್ನು ಹೀಗೇ ಅಳೆದು ನೋಡಿದಾಗ, ಮೂಲ ಚಿತ್ರದಷ್ಟೇ ಸೂಕ್ಷ್ಮ ಮಟ್ಟದಲ್ಲಿ 12ರಲ್ಲಿ ಸರಿಯಾಗಿ ಹೇಳಿದ ಬದಲಾವಣೆಗಿಂತ ತಪ್ಪೇ ಜಾಸ್ತಿ ಇತ್ತು. ದೊಡ್ಡವರ ಕಥೆಯೇ ಹೀಗಿದ್ರೆ ನಾವು ಯಾವ ಲೆಕ್ಕ ಅಂತ ಸ್ವಲ್ಪ ಸಮಾಧಾನ ಆಯ್ತು. ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡ್ತಿರೋ ಸಿಎಸ್ ಗೆಳೆಯರೇ, ಈ ಮಾತು ನಿಮಗೂ ಸೇರಿದ್ದು.

ಹಾಗಾದ್ರೆ ಈ ಮಾಡೆಲ್‌ಗಳು ದಂಡವಾ? ಅಲ್ಲ. ಯಾವ ಸೈಟಿನಲ್ಲಿ ಮನೆ ಏಳುತ್ತೆ ಅಂತ ಹೇಳೋಕೆ ಅವು ಸೋಲುತ್ತವೆ. ಯಾವ ದಿಕ್ಕಿಗೆ ಎಷ್ಟು ಒತ್ತಡ ಇದೆ, ನೀತಿ ಬದಲಾದ್ರೆ ಚಿತ್ರ ಎಷ್ಟು ಬದಲಾಗುತ್ತೆ ಅಂತ ಹೋಲಿಸೋಕೆ ಉಪಯೋಗಕ್ಕೆ ಬರುತ್ತವೆ.

ಹವಾಮಾನ ಎಲ್ಲಿ ಬಂತು?

ಎಸ್‌ಎಸ್‌ಪಿ ಪಕ್ಕದಲ್ಲಿ ಎಸ್‌ಎಸ್‌ಪಿ1-2.6, ಎಸ್‌ಎಸ್‌ಪಿ5-8.5 ಅಂತ ಬಾಲ ಇರೋದನ್ನು ಸುದ್ದಿಗಳಲ್ಲಿ ನೋಡಿರಬಹುದು. ಮುಂದಿನ ಅಂಕಿ ಸಮಾಜ ಹಿಡಿಯೋ ದಾರಿ. ಹಿಂದಿನದು, ಮನುಷ್ಯರ ಕಾರಣದಿಂದ 2100ರ ಹೊತ್ತಿಗೆ ಭೂಮಿ ಪ್ರತಿ ಚದರ ಮೀಟರಿಗೆ ಹೆಚ್ಚುವರಿಯಾಗಿ ಹಿಡಿದಿಟ್ಟುಕೊಳ್ಳೋ ಶಾಖ, ವ್ಯಾಟ್‌ಗಳಲ್ಲಿ. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ, ಐಪಿಸಿಸಿ, 2021ರ ವರದಿಯಲ್ಲಿ ಹೇಳಿದ ಹಾಗೆ ಶತಮಾನದ ಕೊನೆಗೆ ಭೂಮಿಯ ಸರಾಸರಿ ತಾಪಮಾನ, ಕೈಗಾರಿಕಾ ಯುಗದ ಹಿಂದಿನದಕ್ಕಿಂತ, ಮೊದಲನೆಯದರಲ್ಲಿ ಸುಮಾರು 1.8 ಡಿಗ್ರಿ ಸೆಲ್ಸಿಯಸ್ ಹೆಚ್ಚು, ಎರಡನೆಯದರಲ್ಲಿ ಸುಮಾರು 4.4 ಡಿಗ್ರಿ ಹೆಚ್ಚು.

ಎರಡೂ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟಾಗ ವಿಷಯ ಗಂಭೀರ ಆಗುತ್ತೆ. ನಗರ ತನ್ನಷ್ಟಕ್ಕೆ ತಾನೇ ಬಿಸಿ. ಕಾಂಕ್ರೀಟು ಹಗಲು ಬಿಸಿಲು ಕುಡಿದು ರಾತ್ರಿ ಬಿಡುತ್ತೆ, ಟೆರೇಸ್ ಕೆಳಗಿನ ರೂಮಿನಲ್ಲಿ ಮಲಗೋರಿಗೆ ಹೇಳಬೇಕಾಗಿಲ್ಲ. 2019ರ ಒಂದು ಜಾಗತಿಕ ಅಧ್ಯಯನ, ನಗರ ಹಬ್ಬೋ ಒಂದೇ ಕಾರಣಕ್ಕೆ 2050ರ ಹೊತ್ತಿಗೆ ಬೇಸಿಗೆಯ ಬಿಸಿ ಸರಾಸರಿ 0.5ರಿಂದ 0.7 ಡಿಗ್ರಿ, ಕೆಲವು ಕಡೆ 3 ಡಿಗ್ರಿ ತನಕ ಏರುತ್ತೆ ಅಂತ ಅಂದಾಜು ಮಾಡಿದೆ. ಇದು ಹವಾಮಾನ ಬದಲಾವಣೆಯ ಬಿಸಿಯ ಮೇಲೆ ಸೇರೋ ಬಿಸಿ.

ನೀರಿನ ಕಥೆ ಇನ್ನೂ ಕೆಟ್ಟದು. ವಿಶ್ವಬ್ಯಾಂಕ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 1985ರಿಂದ 2015ರ ನಡುವೆ ಜಗತ್ತಿನ ಜನವಸತಿ ಪ್ರದೇಶ ಶೇಕಡಾ 85 ಹೆಚ್ಚಾಯಿತು. ಪ್ರವಾಹದ ಅಪಾಯ ಇಲ್ಲದ ಜಾಗಗಳಲ್ಲಿ ಹೆಚ್ಚಿದ್ದು ಶೇಕಡಾ 80. ಅಪಾಯ ಅತಿ ಹೆಚ್ಚಿರೋ ಜಾಗಗಳಲ್ಲಿ ಶೇಕಡಾ 122. ನೀರು ನಮ್ಮ ಮನೆಗೆ ನುಗ್ಗಿತು ಅಂತೀವಲ್ಲ, ನಾವೇ ನೀರಿನ ಮನೆಗೆ ಹೋಗಿ ಕೂತಿದ್ದೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಕಡೆ ಐಟಿ ನೌಕರರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಿಡಿಯೋ ಎಲ್ಲರೂ ನೋಡಿದ್ದೀವಿ.

ಕಟ್ಟಬಾರದ ಜಾಗ

ಸ್ಲೂತ್‌ನ ಆರು ನಕ್ಷೆಗಳಲ್ಲಿ ‘ಕಟ್ಟಬಾರದ ಜಾಗ’ ಅಂತ ಒಂದಿತ್ತಲ್ಲ, ನಾವು ಎರಡನೇ ಸಲ ಎಡವಿದ್ದು ಅಲ್ಲೇ. ನಮ್ಮ ಮಾಡೆಲ್‌ನಲ್ಲಿ ಕೆರೆಗಳನ್ನೆಲ್ಲ ಆ ಪಟ್ಟಿಗೆ ಹಾಕಿದ್ವಿ. ಕೆರೆಯಲ್ಲಿ ಯಾರು ಮನೆ ಕಟ್ತಾರೆ? ಹಳೆಯ ಸರ್ವೆ ನಕ್ಷೆಯಿಂದ ಕೆರೆಯ ಗಡಿ ಎಳೆದು, ಇಲ್ಲಿ ಎಂದೂ ಬೆಳವಣಿಗೆ ಇಲ್ಲ ಅಂತ ಕೋಡ್‌ನಲ್ಲಿ ಬರೆದ್ವಿ. ಆಮೇಲೆ ಇತ್ತೀಚಿನ ಉಪಗ್ರಹ ಚಿತ್ರ ಇಟ್ಟು ತಪ್ಪುಗಳನ್ನು ಎಣಿಸ್ತಾ ಕೂತಾಗ, ಕೆರೆಯ ಗಡಿಯ ಒಳಗೇ ನಗರದ ಚೌಕಗಳು ಕಂಡವು. ಮೊದಲು ನಕ್ಷೆ ಸರಿಯಾಗಿ ಕೂತಿಲ್ಲ ಅಂದುಕೊಂಡ್ವಿ. ಎರಡು ಸಲ ಸರಿ ಮಾಡಿದ್ವಿ. ಚೌಕಗಳು ಅಲ್ಲೇ ಇದ್ದವು.

ಇದರಲ್ಲಿ ಹೊಸದೇನೂ ಇಲ್ಲ ಅಂತ ಆಮೇಲೆ ತಿಳೀತು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರೋದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರೋದು ಸಂಪಂಗಿ ಕೆರೆ ಇದ್ದ ಕಡೆ.

ಅದೇ ಹಳೆಯ ನಕ್ಷೆಯಲ್ಲಿ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗೋ ಸಣ್ಣ ನೀಲಿ ಗೆರೆ ಇತ್ತು, ರಾಜಕಾಲುವೆ. ಅದನ್ನು ಹಿಡಿದುಕೊಂಡು ಬೆರಳು ಓಡಿಸ್ತಾ ಬಂದ್ರೆ ಅದು ನಮ್ಮ ಮೆಸ್‌ನ ಪಕ್ಕದಲ್ಲೇ ಹಾದುಹೋಗ್ತಿತ್ತು, ರಾಗಿ ಹೊಲದ ತಗ್ಗಿನ ಅಂಚಿನಲ್ಲಿ. ಜೋರು ಮಳೆ ಬಂದಾಗಲೆಲ್ಲ ಮೆಸ್ ಮುಂದೆ ಮೊಣಕಾಲುದ್ದ ನೀರು ನಿಲ್ಲುತ್ತೆ, ಡ್ರೈನೇಜ್ ಸರಿ ಇಲ್ಲ ಅಂತ ಒಂದೂವರೆ ವರ್ಷದಿಂದ ಬೈತಾ ಇದ್ವಿ. ನೀರಿಗೆ ತನ್ನ ದಾರಿ ನೆನಪಿದೆ ಅಷ್ಟೇ. ಈಗ ಆ ತಗ್ಗಿನಲ್ಲೂ ಬಿಳಿ ಕಲ್ಲು ನೆಟ್ಟಿದ್ದಾರೆ.

ಕೋಡ್‌ನಲ್ಲಿ ಕಟ್ಟಬಾರದ ಜಾಗ ಅನ್ನೋದು ಒಂದು ಸಾಲು. ಅದನ್ನು ತೆಗೆದು ಒಂದು ಸಲ, ಇಟ್ಟು ಒಂದು ಸಲ ಓಡಿಸಿದ್ವಿ. ಅದೇ ಜನಸಂಖ್ಯೆ, ಅದೇ ರಸ್ತೆ. ತೆಗೆದಾಗ ಕಾಲುವೆಯ ತಗ್ಗು ಪೂರ್ತಿ ತುಂಬಿಹೋಯ್ತು. ಇಟ್ಟಾಗ ಬೆಳವಣಿಗೆ ನಿಲ್ಲಲಿಲ್ಲ, ಅಷ್ಟೇ ಚೌಕಗಳು ಪಕ್ಕದ ದಿಣ್ಣೆಗೆ ಹೋದವು. ಊರು ಬೆಳೆಯೋದನ್ನು ತಡೆಯೋದು ನಮ್ಮ ಕೈಲಿಲ್ಲದಿರಬಹುದು. ಅದು ಎಲ್ಲಿ ಬೆಳೆಯಬಾರದು ಅನ್ನೋದು ಮಾತ್ರ ಯಾರೋ ತೀರ್ಮಾನ ಮಾಡೋ ವಿಷಯ. ಮಾಡೆಲ್‌ಗೆ ಅದು ಹೊರಗಿನಿಂದ ಕೊಡೋ ಇನ್‌ಪುಟ್. ಹೊರಗಿನ ಜಗತ್ತಿನಲ್ಲಿ ಅದು ಒಂದು ನಕ್ಷೆ, ಒಂದು ಸೀಲು, ಒಂದು ಸಹಿ.

ಆ ಸಹಿ ಹಾಕೋ ಕುರ್ಚಿಯಲ್ಲಿ ಇನ್ನು ಹತ್ತು ವರ್ಷಕ್ಕೆ ನಮ್ಮ ಬ್ಯಾಚ್‌ನವರೇ ಕೆಲವರು ಕೂತಿರ್ತಾರೆ. 2050ಕ್ಕೆ ನಮಗೆ ನಲವತ್ತು ದಾಟಿರುತ್ತೆ. ಭಾರತದ ನಗರಗಳಿಗೆ ಹೊಸದಾಗಿ ಸೇರೋ 41.6 ಕೋಟಿ ಜನರ ಮನೆ, ರಸ್ತೆ, ಮೋರಿ ಎಲ್ಲ ಅಷ್ಟರಲ್ಲಿ ಕಟ್ಟಾಗಿರುತ್ತೆ. ಒಂದು ಸಲ ಹಾಕಿದ ರಸ್ತೆಯನ್ನು ಯಾರೂ ಕಿತ್ತು ಬೇರೆ ಕಡೆ ಹಾಕಲ್ಲ.

ಪ್ರಾಜೆಕ್ಟ್‌ನ ಕೋಡ್ ಮತ್ತು ನಕ್ಷೆ ಎರಡನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟಿದ್ದೀವಿ. ನಿಮ್ಮ ಊರಿನ ಚಿತ್ರ ಹಾಕಿ ನೋಡಬೇಕು ಅನಿಸಿದ್ರೆ ಹಾಸ್ಟೆಲ್‌ನಲ್ಲಿ ಬಂದು ಕೇಳಿ. ಒಂದೇ ಷರತ್ತು: ಓಡಿಸೋ ಮುಂಚೆ ನಿಮ್ಮ ಊರಿನ ಹಿರಿಯರನ್ನು ಕೇಳಿಕೊಂಡು ಬನ್ನಿ, ಹಳೇ ಕಾಲುವೆ ಎಲ್ಲಿ ಹರೀತಿತ್ತು ಅಂತ.